ನೀಲಿ ಪ್ಲೇಟ್, ಕಿತ್ತಳೆ ವರ್ತುಲ: ಬ್ಯಾಕ್ಟೀರಿಯಾ ಕಬ್ಬಿಣವನ್ನು ಸೆಳೆಯುವುದನ್ನು ಪರೀಕ್ಷಿಸುವ ಕ್ರಮ

ರೋಗ ತರುವ ಬ್ಯಾಕ್ಟೀರಿಯಾಗಳು ನಮ್ಮ ದೇಹದೊಳಗೆ ನೆಲೆಯೂರಬೇಕಾದರೆ ಮೊದಲು ಅವುಗಳಿಗೆ ಕಬ್ಬಿಣ ದಕ್ಕಬೇಕು. ವಯಸ್ಕರ ದೇಹದಲ್ಲಿ 3ರಿಂದ 4 ಗ್ರಾಂ ಕಬ್ಬಿಣವಿರುತ್ತದೆ. ಆದರೆ ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿ ಸೇರಿಹೋಗಿರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಫೆರಿಟಿನ್ ಎಂಬ ಪ್ರೋಟೀನಿನ ಕಣಜದಲ್ಲಿರುತ್ತದೆ, ರಕ್ತದಲ್ಲಿ ಓಡಾಡುವ ಅಲ್ಪ ಭಾಗವನ್ನು ಟ್ರಾನ್ಸ್‌ಫೆರಿನ್ ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಕಣ್ಣೀರು, ಜೊಲ್ಲು, ಎದೆಹಾಲುಗಳಲ್ಲಿ ಇದೇ ಕಾವಲನ್ನು ಲ್ಯಾಕ್ಟೊಫೆರಿನ್ ನೋಡಿಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೆ ಬೆಳೆಯಲು ಬೇಕಾದ ಕಬ್ಬಿಣದ ಸಾಂದ್ರತೆ ಸುಮಾರು 10ರ ಮೈನಸ್ 6ನೇ ಘಾತದಷ್ಟು ಮೋಲಾರ್ ಆದರೆ, ರಕ್ತದ್ರವದಲ್ಲಿ ಯಾರ ಹಿಡಿತಕ್ಕೂ ಒಳಗಾಗದೆ ಬಿಡಿಯಾಗಿ ಸಿಗುವ ಫೆರಿಕ್ ಕಬ್ಬಿಣ 10ರ ಮೈನಸ್ 24ನೇ ಘಾತದ ಆಸುಪಾಸಿನಲ್ಲಿರುತ್ತದೆ. ಈ ಅಗಾಧ ಕೊರತೆಯನ್ನು ನೀಗಿಸಿಕೊಳ್ಳಲು ಹಲವು ಬ್ಯಾಕ್ಟೀರಿಯಾಗಳು ಸಿಡೆರೋಫೋರ್ ಎಂಬ ಸಣ್ಣ ಅಣುಗಳನ್ನು ತಯಾರಿಸಿ ಹೊರಗೆ ಬಿಡುತ್ತವೆ. ಅವು ಕಬ್ಬಿಣವನ್ನು ಕಿತ್ತುಕೊಂಡು ಮರಳಿ ಬಂದಾಗ, ಬ್ಯಾಕ್ಟೀರಿಯಾ ಅವನ್ನು ಹೊರೆಯ ಸಮೇತ ಒಳಗೆ ಸೇರಿಸಿಕೊಳ್ಳುತ್ತದೆ.

ಈ ಕಿತ್ತಾಟವನ್ನು ಬರಿಗಣ್ಣಿಗೆ ಕಾಣುವಂತೆ ಮಾಡುವ ಪರೀಕ್ಷೆಯನ್ನು 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿದ್ದ ಬರ್ನಾರ್ಡ್ ಶ್ವಿನ್ ಮತ್ತು ಜೆ. ಬಿ. ನೀಲ್ಯಾಂಡ್ಸ್ ಪ್ರಕಟಿಸಿದರು. ಪ್ರಯೋಗಾಲಯಗಳಲ್ಲಿ ಅದನ್ನು ಕ್ಯಾಸ್ ಪ್ಲೇಟ್ ಎನ್ನುತ್ತಾರೆ. ಸೂಕ್ಷ್ಮಜೀವಿ ವಿಜ್ಞಾನವನ್ನು ಓದುತ್ತಿರುವ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ಮೊದಲಿನಿಂದ ಕೊನೆಯವರೆಗೆ ಕೈಯಾರೆ ಮಾಡಿ, ಕಂಡ ಬಣ್ಣವನ್ನು ಸರಿಯಾಗಿ ಅರ್ಥಮಾಡಿಕೊಳ್ಳಲಿ ಎಂಬುದು ನನ್ನ ಉದ್ದೇಶ. ಕ್ರಮವನ್ನು ಬಾಯಿಪಾಠ ಮಾಡಿದವರು ಬಹಳ ಮಂದಿ ಸಿಗುತ್ತಾರೆ; ಪ್ರತಿ ಹಂತವೂ ಎಲ್ಲಿಂದಲೋ ನುಸುಳುವ ಕಬ್ಬಿಣವನ್ನು ದೂರವಿಡಲು ಇದೆ ಎಂಬುದನ್ನು ಮನಗಂಡವರು ಕಡಿಮೆ. ಅದನ್ನು ಮನಗಂಡರೆ ಅರ್ಧ ಕೆಲಸ ಮುಗಿದಂತೆ.

ಬಣ್ಣ ಬದಲಾಗುವುದು ಏಕೆ

ಕ್ಯಾಸ್ ಎಂದರೆ ಕ್ರೋಮ್ ಅಜ್ಯುರಾಲ್ ಎಸ್. ಈ ಬಣ್ಣದ್ರವ್ಯವು ಎಚ್‌ಡಿಟಿಎಂಎ ಎಂಬ ಮಾರ್ಜಕದ ಸಾನ್ನಿಧ್ಯದಲ್ಲಿ ಫೆರಿಕ್ ಕಬ್ಬಿಣದೊಂದಿಗೆ ಕೂಡಿದಾಗ ಗಾಢ ನೀಲಿಯಾಗುತ್ತದೆ. ಆ ಕಬ್ಬಿಣವನ್ನು ಅದರಿಂದ ಯಾವುದಾದರೂ ಬಲವಾದ ಅಣು ಕಸಿದುಕೊಂಡರೆ, ಕಬ್ಬಿಣ ಕಳೆದುಕೊಂಡ ಬಣ್ಣದ್ರವ್ಯ ತನ್ನ ಸಹಜವಾದ ಕಿತ್ತಳೆ ಬಣ್ಣಕ್ಕೆ ಮರಳುತ್ತದೆ. ಪರೀಕ್ಷೆಯ ತಿರುಳು ಇಷ್ಟೇ. ಪ್ಲೇಟ್ ಕೇಳುವುದು ಒಂದೇ ಪ್ರಶ್ನೆ: ಕಬ್ಬಿಣವನ್ನು ಹೆಚ್ಚು ಬಿಗಿಯಾಗಿ ಹಿಡಿಯಬಲ್ಲವರು ಯಾರು? ಬ್ಯಾಕ್ಟೀರಿಯಾದ ಹೆಸರನ್ನಾಗಲಿ, ಅಣುವಿನ ರಚನೆಯನ್ನಾಗಲಿ ಅದು ಹೇಳಲಾರದು. ಫಲಿತಾಂಶವನ್ನು ಓದುವಾಗ ಈ ಮಾತು ಮತ್ತೆ ಮುಖ್ಯವಾಗುತ್ತದೆ.

ಗಾಜಿನ ಪಾತ್ರೆ ಮತ್ತು ನೀರು

ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮದಲ್ಲಿ ನಾವು ಬೇಕೆಂದು ಸೇರಿಸುವ ಕಬ್ಬಿಣ ಲೀಟರಿಗೆ 10 ಮೈಕ್ರೋಮೋಲ್ ಮಾತ್ರ. ಫ್ಲಾಸ್ಕಿನ ಒಳಗೋಡೆಗೆ ಅಂಟಿರುವ, ಕಣ್ಣಿಗೆ ಕಾಣದ ಕಲೆಯಿಂದಲೂ ಈ ಲೆಕ್ಕ ತಪ್ಪುತ್ತದೆ. ಆದ್ದರಿಂದ ಬಳಸಲಿರುವ ಎಲ್ಲ ಗಾಜಿನ ಪಾತ್ರೆಗಳನ್ನು 6 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದು, ಬಳಿಕ ಅಯಾನು ತೆಗೆದ ನೀರಿನಿಂದ ನಾಲ್ಕೈದು ಬಾರಿ ಜಾಲಾಡಿಸಬೇಕು. ಆಮ್ಲದ ಕೆಲಸವನ್ನು ಫ್ಯೂಮ್ ಹುಡ್‌ನೊಳಗೆ, ಕೈಗವಸು ಮತ್ತು ಕನ್ನಡಕ ಧರಿಸಿಯೇ ಮಾಡಿ. ಬೋರ್‌ವೆಲ್ ನೀರಿನ ಬಕೆಟ್ಟಿನಲ್ಲಿ ತುಕ್ಕಿನ ಬಣ್ಣದ ಗೆರೆ ಕಟ್ಟುವುದನ್ನು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ನೋಡಿದ್ದೇವೆ. ಅಂಥ ನೀರಿನಲ್ಲಿ ಕೊನೆಯ ಬಾರಿ ತೊಳೆದ ಪಾತ್ರೆ ಈ ಪರೀಕ್ಷೆಗೆ ಬರುವುದಿಲ್ಲ. ಸ್ಟೀಲ್ ಚಮಚದಿಂದ ಲವಣಗಳನ್ನು ತೂಗುವ ಅಭ್ಯಾಸವನ್ನೂ ಇಲ್ಲಿ ಬಿಟ್ಟು ಪ್ಲಾಸ್ಟಿಕ್ ಚಮಚವನ್ನು ಬಳಸುವುದು ಒಳ್ಳೆಯದು.

ನೀಲಿ ದ್ರಾವಣದ ತಯಾರಿ

ಒಂದು ಲೀಟರ್ ಮಾಧ್ಯಮಕ್ಕೆ 100 ಮಿಲಿಲೀಟರ್ ನೀಲಿ ದ್ರಾವಣ ಬೇಕು. ಮೊದಲು 60.5 ಮಿಲಿಗ್ರಾಂ ಕ್ರೋಮ್ ಅಜ್ಯುರಾಲ್ ಎಸ್ ಅನ್ನು 50 ಮಿಲಿಲೀಟರ್ ನೀರಿನಲ್ಲಿ ಕರಗಿಸಿ. ಇನ್ನೊಂದೆಡೆ 10 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 1 ಮಿಲಿಮೋಲಾರ್ ಫೆರಿಕ್ ಕ್ಲೋರೈಡನ್ನು ಕರಗಿಸಿ, ಅದರ 10 ಮಿಲಿಲೀಟರನ್ನು ಬಣ್ಣದ ದ್ರಾವಣಕ್ಕೆ ಸೇರಿಸಿ. ಕೂಡಲೇ ಅದು ಗಾಢ ನೇರಳೆಯತ್ತ ತಿರುಗುತ್ತದೆ. ಆಮ್ಲದಲ್ಲೇ ಏಕೆ ಕರಗಿಸಬೇಕೆಂದರೆ, ತಟಸ್ಥ ನೀರಿನಲ್ಲಿ ಫೆರಿಕ್ ಕಬ್ಬಿಣ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತದೆ. ಬ್ಯಾಕ್ಟೀರಿಯಾಗಳಿಗೆ ಹೊರಜಗತ್ತಿನಲ್ಲೂ ಕಬ್ಬಿಣ ದುರ್ಲಭವಾಗಿರುವುದಕ್ಕೆ ಕಾರಣ ಇದೇ.

ಮೂರನೆಯ ಪಾತ್ರೆಯಲ್ಲಿ 72.9 ಮಿಲಿಗ್ರಾಂ ಎಚ್‌ಡಿಟಿಎಂಎಯನ್ನು 40 ಮಿಲಿಲೀಟರ್ ನೀರಿನಲ್ಲಿ ಕರಗಿಸಬೇಕು. ಚಳಿಗಾಲದ ಬೆಳಗ್ಗೆ ಇದು ಸುಲಭವಾಗಿ ಕರಗದು. ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡರೆ ಸಾಕು. ಜೋರಾಗಿ ಕುಲುಕಿದರೆ ಸೋಪಿನಂತೆ ನೊರೆ ಏಳುತ್ತದೆ, ಹಾಗಾಗಿ ಮ್ಯಾಗ್ನೆಟಿಕ್ ಸ್ಟರರ್ ಮೇಲೆ ನಿಧಾನವಾಗಿ ತಿರುಗಲು ಬಿಡಿ. ಈಗ ನೇರಳೆ ದ್ರಾವಣವನ್ನು ಈ ಪಾತ್ರೆಗೆ ಸಣ್ಣ ಧಾರೆಯಾಗಿ ಸುರಿಯಿರಿ. ಧಾರೆ ಬಿದ್ದಲ್ಲೆಲ್ಲ ಶಾಯಿಯಂಥ ನೀಲಿ ಸುರುಳಿಗಳು ಎದ್ದು, ಸುರಿದು ಮುಗಿಯುವಷ್ಟರಲ್ಲಿ ಇಡೀ ದ್ರಾವಣ ಕಡುನೀಲಿಯಾಗಿರುತ್ತದೆ. ಇದನ್ನು ಪ್ರತ್ಯೇಕವಾಗಿ ಆಟೋಕ್ಲೇವ್ ಮಾಡಿ, ಎಂದರೆ ಒತ್ತಡದ ಹಬೆಯಲ್ಲಿ ನಿರ್ಜೀವೀಕರಿಸಿ ಇಟ್ಟುಕೊಳ್ಳಿ.

ಮಾಧ್ಯಮ

ಅಂತಿಮ ಪ್ರಮಾಣ ಒಂದು ಲೀಟರ್ ಎಂದು ಇಟ್ಟುಕೊಂಡರೆ, ಸುಮಾರು 750 ಮಿಲಿಲೀಟರ್ ನೀರಿನಲ್ಲಿ 0.3 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, 0.5 ಗ್ರಾಂ ಸೋಡಿಯಂ ಕ್ಲೋರೈಡ್ ಮತ್ತು 1 ಗ್ರಾಂ ಅಮೋನಿಯಂ ಕ್ಲೋರೈಡನ್ನು ಕರಗಿಸಬೇಕು. ಸಾಮಾನ್ಯ ಎಂ9 ಮಾಧ್ಯಮಕ್ಕೆ ಹೋಲಿಸಿದರೆ ಇಲ್ಲಿ ಫಾಸ್ಫೇಟ್ ಬಹಳ ಕಡಿಮೆ ಇದೆ ಎಂಬುದನ್ನು ಗಮನಿಸಿ. ಫಾಸ್ಫೇಟ್ ಕೂಡ ಕಬ್ಬಿಣವನ್ನು ಹಿಡಿಯಬಲ್ಲದು. ಅದು ಹೆಚ್ಚಾದರೆ ಬ್ಯಾಕ್ಟೀರಿಯಾ ಇಡುವ ಮೊದಲೇ ಪ್ಲೇಟಿನ ನೀಲಿ ಮಂಕಾಗುತ್ತದೆ. ಹಾಗೆ ಕಡಿಮೆ ಮಾಡಿದ ಫಾಸ್ಫೇಟಿನ ಬದಲಿಗೆ ಪಿಎಚ್ ಕಾಯಲು ಪೈಪ್ಸ್ ಎಂಬ ಬಫರನ್ನು 30.24 ಗ್ರಾಂ, ಎಂದರೆ 0.1 ಮೋಲಾರ್ ಆಗುವಷ್ಟು ಹಾಕುತ್ತೇವೆ.

ಪೈಪ್ಸ್ ಕರಗಿಸುವ ಹಂತದಲ್ಲಿ ಆತುರ ಸಲ್ಲದು. ಆಮ್ಲೀಯ ನೀರಿನಲ್ಲಿ ಅದು ಕರಗದೆ ಬಿಳಿ ಪುಡಿಯಾಗಿ ತೇಲುತ್ತದೆ, ಕರಗುತ್ತ ಹೋದಂತೆ ತಾನೇ ಪಿಎಚ್ ಅನ್ನು ಇಳಿಸುತ್ತದೆ. ಆದ್ದರಿಂದ ಸ್ವಲ್ಪ ಪೈಪ್ಸ್, ಸ್ವಲ್ಪ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಎಂಬಂತೆ ಒಂದಾದ ಮೇಲೊಂದು ಸೇರಿಸುತ್ತ, ಪಿಎಚ್ ಮೀಟರಿನಿಂದ ಕಣ್ಣು ತೆಗೆಯದೆ 6.8ಕ್ಕೆ ತಂದು ನಿಲ್ಲಿಸಬೇಕು. 6.8ನ್ನು ದಾಟಬಾರದು. ನಾನು ಮೊದಲ ಬಾರಿ ಒಂದು ತಂಡಕ್ಕೆ ಈ ಪಾಠ ಮಾಡಿದಾಗ ಕೊನೆಯ ಹನಿಗಳನ್ನು ಎಣಿಸದೆ ಸುರಿದು 7ನ್ನು ಮೀರಿಸಿದ್ದೆ. ಮರುದಿನ ಪ್ಲೇಟುಗಳು ನೀಲಿಯಾಗುವ ಬದಲು ಪಾಚಿಯಂತೆ ಹಸಿರಾಗಿದ್ದವು, ವರ್ತುಲ ಎಲ್ಲಿ ಮುಗಿಯಿತೆಂದು ಯಾರಿಗೂ ಹೇಳಲಾಗಲಿಲ್ಲ. ಅಷ್ಟೂ ಪ್ಲೇಟುಗಳನ್ನು ಎಸೆದು ಮತ್ತೆ ತಯಾರಿಸಬೇಕಾಯಿತು. ಅಂದಿನಿಂದ ಈ ಹಂತಕ್ಕೆ ಒಂದು ಗಂಟೆಯನ್ನು ಬೇರೆಯಾಗಿಯೇ ತೆಗೆದಿಡುತ್ತೇನೆ.

ಪಿಎಚ್ ನಿಂತ ಮೇಲೆ 15 ಗ್ರಾಂ ಅಗರ್ ಸೇರಿಸಿ ಆಟೋಕ್ಲೇವ್ ಮಾಡಿ, 50 ಡಿಗ್ರಿ ಸೆಲ್ಸಿಯಸ್‌ವರೆಗೆ ಆರಲು ಬಿಡಿ. ಬಳಿಕ ಶೇ 20ರ ಗ್ಲುಕೋಸ್ ದ್ರಾವಣ 10 ಮಿಲಿಲೀಟರ್, ಶೇ 10ರ ಕ್ಯಾಸಮಿನೋ ಆಮ್ಲ ದ್ರಾವಣ 30 ಮಿಲಿಲೀಟರ್, ಮತ್ತು ಅಂತಿಮವಾಗಿ 1 ಮಿಲಿಮೋಲಾರ್ ಆಗುವಷ್ಟು ಮೆಗ್ನೀಷಿಯಂ ಕ್ಲೋರೈಡ್, 0.1 ಮಿಲಿಮೋಲಾರ್ ಆಗುವಷ್ಟು ಕ್ಯಾಲ್ಸಿಯಂ ಕ್ಲೋರೈಡನ್ನು ಸೇರಿಸಬೇಕು. ಇವೆಲ್ಲವೂ ಮೊದಲೇ ನಿರ್ಜೀವೀಕರಿಸಿ ಇಟ್ಟುಕೊಂಡವಾಗಿರಬೇಕು. ಹಾಲಿನ ಕೇಸೀನ್‌ನಿಂದ ಮಾಡುವ ಕ್ಯಾಸಮಿನೋ ಆಮ್ಲದಲ್ಲಿ ಕಬ್ಬಿಣದ ಅಂಶ ಉಳಿದಿರುತ್ತದೆ. ಕ್ಲೋರೋಫಾರ್ಮ್‌ನಲ್ಲಿ ಕರಗಿಸಿದ ಶೇ 3ರ 8-ಹೈಡ್ರಾಕ್ಸಿಕ್ವಿನೋಲಿನ್‌ನೊಂದಿಗೆ ಅದನ್ನು ಸೆಪರೇಟಿಂಗ್ ಫನಲ್‌ನಲ್ಲಿ ಕುಲುಕಿ ನಿಲ್ಲಿಸಿದರೆ ಕಬ್ಬಿಣ ಕೆಳಗಿನ ಕ್ಲೋರೋಫಾರ್ಮ್ ಪದರಕ್ಕೆ ಇಳಿಯುತ್ತದೆ. ಮೇಲಿನ ನೀರಿನ ಪದರವನ್ನು ಬೇರ್ಪಡಿಸಿ, ಬರೀ ಕ್ಲೋರೋಫಾರ್ಮ್‌ನಿಂದ ಇನ್ನೊಮ್ಮೆ ತೊಳೆದು, ಸೋಸಿ ಬಳಸಿ. ಇದೂ ಫ್ಯೂಮ್ ಹುಡ್‌ನೊಳಗಿನ ಕೆಲಸವೇ.

ಕೊನೆಗೆ 100 ಮಿಲಿಲೀಟರ್ ನೀಲಿ ದ್ರಾವಣವನ್ನು ಫ್ಲಾಸ್ಕಿನ ಗೋಡೆಗುಂಟ ಇಳಿಬಿಟ್ಟು, ನೊರೆ ಏಳದಂತೆ ವೃತ್ತಾಕಾರವಾಗಿ ಆಡಿಸುತ್ತ ಬೆರೆಸಿ, 90 ಮಿಲಿಮೀಟರ್ ಪ್ಲೇಟಿಗೆ ಸಮನಾಗಿ 20ರಿಂದ 25 ಮಿಲಿಲೀಟರ್ ಸುರಿಯಿರಿ. ಒಂದು ಪ್ಲೇಟ್ ದಪ್ಪ, ಇನ್ನೊಂದು ತೆಳು ಆದರೆ ವರ್ತುಲಗಳನ್ನು ಹೋಲಿಸಲಾಗದು, ಏಕೆಂದರೆ ತೆಳುವಾದ ಅಗರ್‌ನಲ್ಲಿ ಕಬ್ಬಿಣವೂ ಕಡಿಮೆ ಇರುತ್ತದೆ.

ಯಾವ ಬ್ಯಾಕ್ಟೀರಿಯಾ, ಎಂಥ ಎಚ್ಚರ

ಪಾಠಕ್ಕಾಗಿ ಈ ಪರೀಕ್ಷೆಯನ್ನು ಮಾಡುವವರು ರೋಗಕಾರಕ ತಳಿಗಳನ್ನು ಮುಟ್ಟುವ ಅಗತ್ಯವಿಲ್ಲ. ರೈತರಿಗೆ ಜೈವಿಕ ಶಿಲೀಂಧ್ರನಾಶಕವಾಗಿ ಪರಿಚಿತವಾಗಿರುವ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್, ಆಸ್ಪತ್ರೆಗಳಲ್ಲಿ ಸುಟ್ಟಗಾಯ ಮತ್ತು ಶ್ವಾಸಕೋಶದ ಸೋಂಕು ತರುವ ಸ್ಯೂಡೋಮೊನಾಸ್ ಏರುಜಿನೋಸಾದ ಹತ್ತಿರದ ಬಂಧು. ಎರಡೂ ಪಯೋವರ್ಡಿನ್ ಎಂಬ ಒಂದೇ ಬಗೆಯ ಸಿಡೆರೋಫೋರನ್ನು ತಯಾರಿಸುತ್ತವೆ. ಮಣ್ಣಿನಿಂದ ನೀವೇ ಬೇರ್ಪಡಿಸಿದ, ಗುರುತು ತಿಳಿಯದ ತಳಿಗಿಂತ, ಚಂಡೀಗಢದ ಎಂಟಿಸಿಸಿಯಂಥ ಸೂಕ್ಷ್ಮಜೀವಿ ತಳಿಗಳ ಸಂಗ್ರಹಾಲಯದಿಂದ ತರಿಸಿದ ತಳಿ ವಿದ್ಯಾರ್ಥಿಗಳ ಕೈಗೆ ಸುರಕ್ಷಿತ. ರೋಗಿಗಳಿಂದ ಬಂದ ತಳಿಗಳನ್ನು ಅದಕ್ಕೆ ತಕ್ಕ ಸುರಕ್ಷತಾ ಮಟ್ಟದ ಪ್ರಯೋಗಾಲಯದಲ್ಲಿ, ತರಬೇತಿ ಪಡೆದವರು ಮಾತ್ರ ಬಳಸಬೇಕು.

ಎಚ್ಚರದ ಮಾತನ್ನು ಒತ್ತಿ ಹೇಳಲು ಕಾರಣವಿದೆ. 2009ರಲ್ಲಿ ಚಿಕಾಗೋದಲ್ಲಿ ಸಂಶೋಧಕರೊಬ್ಬರು ಪ್ಲೇಗ್ ಬ್ಯಾಕ್ಟೀರಿಯಾದ ದುರ್ಬಲಗೊಳಿಸಿದ ತಳಿಯಿಂದ ಸೋಂಕು ತಗುಲಿ ತೀರಿಕೊಂಡರು. ಆ ತಳಿ ದುರ್ಬಲವಾಗಿದ್ದದ್ದೇ ಕಬ್ಬಿಣವನ್ನು ಸೆಳೆಯುವ ಶಕ್ತಿಯನ್ನು ಕಳೆದುಕೊಂಡಿದ್ದರಿಂದ. ಆದರೆ ದೇಹದಲ್ಲಿ ಕಬ್ಬಿಣ ವಿಪರೀತವಾಗಿ ಸೇರುವ ಹಿಮೋಕ್ರೊಮಾಟೋಸಿಸ್ ಎಂಬ ಆನುವಂಶಿಕ ಕಾಯಿಲೆ ಅವರಿಗಿತ್ತೆಂಬುದು ಮರಣದ ನಂತರ ತಿಳಿಯಿತು. ಬ್ಯಾಕ್ಟೀರಿಯಾ ಕಳೆದುಕೊಂಡದ್ದನ್ನು ಅವರ ದೇಹವೇ ಒದಗಿಸಿಕೊಟ್ಟಿರಬೇಕು ಎಂಬುದು ತಜ್ಞರ ಊಹೆ. ಯಾವ ತಳಿಯ ಅಪಾಯವೂ ಅದೊಂದರ ಗುಣದಿಂದಲೇ ತೀರ್ಮಾನವಾಗುವುದಿಲ್ಲ, ಎದುರಿಗಿರುವ ದೇಹದಲ್ಲಿ ಎಷ್ಟು ಕಬ್ಬಿಣ ಸಿಗುತ್ತದೆಂಬುದೂ ಲೆಕ್ಕಕ್ಕೆ ಬರುತ್ತದೆ.

ಚುಕ್ಕೆ ಇಡುವುದು

ತಳಿಯನ್ನು ಪೋಷಕ ದ್ರವದಲ್ಲಿ ಒಂದು ರಾತ್ರಿ ಬೆಳೆಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಶೇ 0.85ರ ಉಪ್ಪುನೀರಿನಲ್ಲಿ ಎರಡು ಬಾರಿ ತೊಳೆಯಿರಿ. ಪೋಷಕ ದ್ರವದಲ್ಲಿದ್ದ ಕಬ್ಬಿಣ ಪ್ಲೇಟಿಗೆ ಸೇರದಿರಲಿ ಎಂಬುದೇ ತೊಳೆಯುವುದರ ಉದ್ದೇಶ. ತೊಳೆದ ಕೋಶಗಳ 5 ಮೈಕ್ರೋಲೀಟರ್ ಹನಿಯನ್ನು ಪ್ಲೇಟಿನ ಮೇಲಿಟ್ಟು, ಹನಿ ಹೀರಿದ ಮೇಲೆ ಪ್ಲೇಟನ್ನು ಮಗುಚಿ, 28 ಡಿಗ್ರಿಯಲ್ಲಿ ಎರಡರಿಂದ ಮೂರು ದಿನ ಇಡಬೇಕು.

ಹೋಲಿಕೆಗಾಗಿ ಇನ್ನೊಂದು ಪ್ಲೇಟಿನಲ್ಲಿ ಬರೀ ಉಪ್ಪುನೀರಿನ ಹನಿ, 10 ಮಿಲಿಮೋಲಾರ್ ಡೆಫೆರಾಕ್ಸಮಿನ್ ಹನಿ, ಮತ್ತು ಕಬ್ಬಿಣವನ್ನು ಬಿಗಿಯಾಗಿ ಹಿಡಿಯುವ ಇಡಿಟಿಎ ಎಂಬ ರಾಸಾಯನಿಕದ ಹನಿಯನ್ನು ಇಡಿ. ಡೆಫೆರಾಕ್ಸಮಿನ್ ಕೂಡ ಒಂದು ಸಿಡೆರೋಫೋರ್; ಸ್ಟ್ರೆಪ್ಟೋಮೈಸಿಸ್ ಪೈಲೋಸಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ ದೊರೆತ ಇದನ್ನೇ ಪದೇ ಪದೇ ರಕ್ತ ಪಡೆಯುವ ಥಲಸೀಮಿಯಾ ರೋಗಿಗಳ ದೇಹದಿಂದ ಹೆಚ್ಚುವರಿ ಕಬ್ಬಿಣವನ್ನು ತೆಗೆಯಲು ಬಳಸುತ್ತಾರೆ. ಅದೇ ಔಷಧ ಹೊತ್ತ ಕಬ್ಬಿಣವನ್ನು ಯರ್ಸೀನಿಯಾ ಎಂಟೆರೊಕೊಲಿಟಿಕಾ ಎಂಬ ರೋಗಕಾರಕ ತನ್ನದಾಗಿಸಿಕೊಳ್ಳಬಲ್ಲದು, ಹೀಗಾಗಿ ಅಂಥ ರೋಗಿಗಳಿಗೆ ಜ್ವರ ಬಂದರೆ ವೈದ್ಯರು ಈ ಸೋಂಕನ್ನು ವಿಶೇಷವಾಗಿ ಶಂಕಿಸುತ್ತಾರೆ. ಇನ್ನು ಇಡಿಟಿಎ ಹನಿಯ ಅಂಚಿನಲ್ಲಿ ನೋಡನೋಡುತ್ತಿದ್ದಂತೆ ಕಿತ್ತಳೆ ಬಣ್ಣ ಹರಡುತ್ತದೆ. ಜೀವವೇ ಇಲ್ಲದ ರಾಸಾಯನಿಕವೂ ಇದೇ ವರ್ತುಲ ಮೂಡಿಸಿತು ಎಂಬುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಂಡರೆ, ಮುಂದೆ ಯಾವ ವರ್ತುಲ ಕಂಡರೂ ಥಟ್ಟನೆ ತೀರ್ಪು ಕೊಡುವುದಿಲ್ಲ.

ವರ್ತುಲವನ್ನು ಓದುವುದು

ಪ್ಲೇಟನ್ನು ಬಿಳಿ ಕಾಗದದ ಮೇಲಿಟ್ಟು, ವಸಾಹತಿನ ವ್ಯಾಸವನ್ನೂ ಬಣ್ಣ ಬದಲಾದ ವಲಯದ ವ್ಯಾಸವನ್ನೂ ಬೇರೆ ಬೇರೆಯಾಗಿ ಅಳೆದು ಬರೆಯಿರಿ. ಸಿಡೆರೋಫೋರುಗಳಲ್ಲಿ ಹೈಡ್ರಾಕ್ಸಮೇಟ್ ಬಗೆಯವು ಕಿತ್ತಳೆ, ಕ್ಯಾಟೆಕಾಲ್ ಬಗೆಯವು ನೇರಳೆಗೆಂಪು ಕೊಡುತ್ತವೆಂದು ಹೇಳುವುದುಂಟು; ಬಣ್ಣವೊಂದನ್ನೇ ನೆಚ್ಚಿ ಬಗೆಯನ್ನು ತೀರ್ಮಾನಿಸಬೇಡಿ. ಕ್ಯಾಟೆಕಾಲ್ ಇದೆಯೇ ಎಂದು ತಿಳಿಯಲು ಆರ್ನೋ 1937ರಲ್ಲಿ ಕೊಟ್ಟ ಸರಳ ಪರೀಕ್ಷೆಯಿದೆ. ಕೋಶಗಳನ್ನು ತೆಗೆದ ತಿಳಿದ್ರವ, 0.5 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, ಹಾಗೂ 100 ಮಿಲಿಲೀಟರಿಗೆ ತಲಾ 10 ಗ್ರಾಂ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಮಾಲಿಬ್ಡೇಟ್ ಇರುವ ದ್ರಾವಣವನ್ನು ಒಂದೊಂದು ಮಿಲಿಲೀಟರಿನಂತೆ ಬೆರೆಸಿದಾಗ ಹಳದಿ ಮೂಡಿ, 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿದ ಮೇಲೆ ಅದು ಕೆಂಪಾದರೆ ಕ್ಯಾಟೆಕಾಲ್ ಇದೆಯೆಂದರ್ಥ. ಪಯೋವರ್ಡಿನ್‌ಗಾದರೆ ನೇರಳಾತೀತ ದೀಪ ಸಾಕು: ವಸಾಹತಿನ ಸುತ್ತ ಹಳದಿ ಮಿಶ್ರಿತ ಹಸಿರು ಹೊಳಪು ಕಾಣುತ್ತದೆ.

ವರ್ತುಲ ಮೂಡಿದ ಮೇಲೆ ಕಬ್ಬಿಣದ ಪಯಣ ಮುಗಿಯುವುದಿಲ್ಲ, ಅರ್ಧಕ್ಕೆ ಬಂದಿರುತ್ತದೆ. ಇ. ಕೋಲಿ ಮತ್ತು ಸಾಲ್ಮೊನೆಲ್ಲಾದ ಎಂಟೆರೊಬ್ಯಾಕ್ಟಿನ್ ಅನ್ನು ಉದಾಹರಣೆಯಾಗಿ ನೋಡೋಣ. 1970ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಇದನ್ನು ಕಂಡುಕೊಂಡವು. ಕಬ್ಬಿಣ ಹಿಡಿದ ಎಂಟೆರೊಬ್ಯಾಕ್ಟಿನ್ ಹೊರಪೊರೆಯ ಸಾಮಾನ್ಯ ರಂಧ್ರಗಳಲ್ಲಿ ತೂರಲಾರದಷ್ಟು ದೊಡ್ಡದು. ಅದಕ್ಕಾಗಿ ಫೆಪ್‌ಎ ಎಂಬ ಪ್ರತ್ಯೇಕ ಬಾಗಿಲಿದೆ. ಹೊರಪೊರೆಯಲ್ಲಿ ಶಕ್ತಿಯ ಮೂಲ ಇಲ್ಲದ ಕಾರಣ, ಒಳಪೊರೆಯ ಪ್ರೋಟಾನ್ ವ್ಯತ್ಯಾಸದಿಂದ ದೊರೆವ ಶಕ್ತಿಯನ್ನು ಟಾನ್‌ಬಿ ಎಂಬ ಪ್ರೋಟೀನ್ ಅಲ್ಲಿಯವರೆಗೆ ಮುಟ್ಟಿಸಿ ಬಾಗಿಲನ್ನು ತೆರೆಸುತ್ತದೆ. ಎರಡು ಪೊರೆಗಳ ನಡುವೆ ಫೆಪ್‌ಬಿ ಅದನ್ನು ಬರಮಾಡಿಕೊಳ್ಳುತ್ತದೆ. ಒಳಪೊರೆಯನ್ನು ದಾಟಿಸಲು ಕೋಶದ ಇಂಧನವಾದ ಎಟಿಪಿ ಖರ್ಚಾಗುತ್ತದೆ. ಒಳಗೆ ಸೇರಿದ ಮೇಲೆ ಫೆಸ್ ಎಂಬ ಕಿಣ್ವ ಎಂಟೆರೊಬ್ಯಾಕ್ಟಿನ್ ಅನ್ನು ತುಂಡರಿಸಿ ಕಬ್ಬಿಣವನ್ನು ಬಿಡಿಸುತ್ತದೆ. ಇಷ್ಟು ಶ್ರಮಪಟ್ಟು ಕಟ್ಟಿದ ಅಣುವನ್ನು ಒಂದೇ ಸಲದ ಬಳಕೆಗೆ ಒಡೆದುಹಾಕುವುದನ್ನು ನೋಡಿದರೆ, ಕಬ್ಬಿಣಕ್ಕೆ ಬ್ಯಾಕ್ಟೀರಿಯಾ ಎಷ್ಟು ಬೆಲೆ ಕೊಡುತ್ತದೆಂದು ತಿಳಿಯುತ್ತದೆ. ಸಾಕಷ್ಟು ಕಬ್ಬಿಣ ಸೇರಿದೊಡನೆ ಫರ್ ಎಂಬ ನಿಯಂತ್ರಕ ಪ್ರೋಟೀನ್ ಈ ಇಡೀ ವ್ಯವಸ್ಥೆಯ ಜೀನುಗಳನ್ನು ಅಡಗಿಸುತ್ತದೆ. ಗಾಜಿನ ಪಾತ್ರೆ ಸರಿಯಾಗಿ ತೊಳೆಯದಿದ್ದಾಗ ವರ್ತುಲ ಚಿಕ್ಕದಾಗುವುದಕ್ಕೆ ಇದೂ ಒಂದು ಕಾರಣ.

ನಮ್ಮ ದೇಹವೂ ಕೈಕಟ್ಟಿ ಕುಳಿತಿಲ್ಲ. ಲಿಪೋಕ್ಯಾಲಿನ್-2 ಎಂಬ ಪ್ರೋಟೀನ್ ಎಂಟೆರೊಬ್ಯಾಕ್ಟಿನ್ ಅನ್ನೇ ಹಿಡಿದು ಕೂಡಿಹಾಕುತ್ತದೆ. ಅದಕ್ಕೆ ಉತ್ತರವಾಗಿ ಸಾಲ್ಮೊನೆಲ್ಲಾ ಎಂಟೆರೊಬ್ಯಾಕ್ಟಿನ್‌ಗೆ ಗ್ಲುಕೋಸ್ ಜೋಡಿಸಿ, ಆ ಹಿಡಿತಕ್ಕೆ ಸಿಗದ ಸಾಲ್ಮೊಕೆಲಿನ್ ಆಗಿ ಬದಲಿಸುತ್ತದೆ. 2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೆಫಿಡೆರೊಕಾಲ್ ಎಂಬ ಪ್ರತಿಜೀವಕವಂತೂ ಕಬ್ಬಿಣವನ್ನು ಹೊತ್ತು ಸಿಡೆರೋಫೋರಿನ ಬಾಗಿಲಿನಿಂದಲೇ ಒಳಹೊಗುತ್ತದೆ.

ವರ್ತುಲ ಮೂಡದಿದ್ದರೆ

ಮೊದಲು ಬ್ಯಾಕ್ಟೀರಿಯಾ ಬೆಳೆದಿದೆಯೇ ನೋಡಿ. ಎಚ್‌ಡಿಟಿಎಂಎ ಗ್ರಾಂ ಪಾಸಿಟಿವ್ ಬ್ಯಾಕ್ಟೀರಿಯಾಗಳಿಗೂ ಶಿಲೀಂಧ್ರಗಳಿಗೂ ವಿಷ. ಅಂಥವನ್ನು ನೀಲಿ ದ್ರಾವಣವಿಲ್ಲದ ಮಾಧ್ಯಮದಲ್ಲಿ ಬೆಳೆಸಿ, ಬೆಳೆದ ಮೇಲೆ ಕ್ಯಾಸ್ ಅಗರ್‌ನ ತೆಳುಪದರವನ್ನು ಅವುಗಳ ಮೇಲೆ ಸುರಿದರೆ ಬಣ್ಣದ ಬದಲಾವಣೆ ಕಾಣುತ್ತದೆ. ಚೆನ್ನಾಗಿ ಬೆಳೆದೂ ವರ್ತುಲ ಮೂಡದಿದ್ದರೆ, ಅದು ಕಬ್ಬಿಣವನ್ನು ಸೆಳೆಯಲಾರದು ಎಂದು ಬರೆಯಬೇಡಿ. ಮಿದುಳುಜ್ವರ ತರುವ ನೈಸೀರಿಯಾ ಮೆನಿಂಜೈಟಿಡಿಸ್ ಸಿಡೆರೋಫೋರ್ ತಯಾರಿಸುವುದೇ ಇಲ್ಲ. ತನ್ನ ಹೊರಪೊರೆಯ ಎರಡು ಪ್ರೋಟೀನುಗಳಿಂದ ಮನುಷ್ಯನ ಟ್ರಾನ್ಸ್‌ಫೆರಿನ್ ಅನ್ನೇ ಹಿಡಿದು ಕಬ್ಬಿಣವನ್ನು ನೇರವಾಗಿ ಕೀಳುತ್ತದೆ. ಸ್ಟ್ಯಾಫಿಲೋಕಾಕಸ್ ಆರಿಯಸ್ ಸಿಡೆರೋಫೋರುಗಳ ಜೊತೆಗೆ, ಒಡೆದ ರಕ್ತಕಣಗಳ ಹಿಮೋಗ್ಲೋಬಿನ್‌ನಿಂದ ಹೀಮ್ ಅನ್ನೇ ಎತ್ತಿಕೊಳ್ಳುತ್ತದೆ. ಉಣ್ಣೆಯ ಕಡಿತದಿಂದ ಹರಡುವ ಲೈಮ್ ರೋಗದ ಬೊರೇಲಿಯಾ ಬರ್ಗ್‌ಡಾರ್ಫೆರಿಯಂತೂ ಕಬ್ಬಿಣದ ಹಂಗನ್ನೇ ಬಹುಪಾಲು ತೊರೆದು ಮ್ಯಾಂಗನೀಸ್‌ನಿಂದ ಕೆಲಸ ನಡೆಸುತ್ತದೆ. ಆದ್ದರಿಂದ ದಾಖಲೆ ಪುಸ್ತಕದಲ್ಲಿ ತಳಿ, ತಯಾರಿಯ ದಿನಾಂಕ, ಪಿಎಚ್, ಎರಡೂ ವ್ಯಾಸಗಳು, ಹೋಲಿಕೆ ಹನಿಗಳ ಫಲಿತಾಂಶವನ್ನು ಬರೆದ ಮೇಲೆ, "ಕ್ಯಾಸ್ ಪ್ಲೇಟಿನಲ್ಲಿ ಈ ಸ್ಥಿತಿಯಲ್ಲಿ ವರ್ತುಲ ಕಾಣಲಿಲ್ಲ" ಎಂದಷ್ಟೇ ಬರೆಯಿರಿ. ನಂತರ ಪ್ಲೇಟುಗಳನ್ನು 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿ ವಿಲೇವಾರಿ ಮಾಡಿ.